ಎಕ್ಸ್‌ಚೇಂಜ್ ಅಕ್ಕ ಕಟ್ಟಿದ ಸೇತುವೆ

ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಅವಳಿಗಿಂತ ಐದು ವರ್ಷ ದೊಡ್ಡವಳಾದ ನಾನೂ ಅಕ್ಕ ಎಂದೇ ಕರೆಯುತ್ತೇನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಬಂದವಳು, ಆದ್ದರಿಂದ ಎಕ್ಸ್‌ಚೇಂಜ್ ಅಕ್ಕ. ನನ್ನ ಯಜಮಾನರನ್ನು ಅವಳು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನಾನು ಅತ್ತಿಗೆ. ಅಣ್ಣ ಹೋಗಿ ಹನ್ನೊಂದು ವರ್ಷವಾಯಿತು, ಅತ್ತಿಗೆ ಮಾತ್ರ ಉಳಿದಿದ್ದೇನೆ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆಚೆ ಅವಳು ಲೋಟ ಕೆಳಗಿಟ್ಟರೆ ಈಚೆ ನನಗೆ ತಿಳಿಯುತ್ತದೆ.

ಅವಳ ಎಡಗಿವಿಯ ಮೇಲೆ ಕೂದಲು ಇಂದಿಗೂ ಒಂದು ಬೆರಳಗಲ ತಗ್ಗಾಗಿ ಮಲಗಿರುತ್ತದೆ. ಅದು ಹೆಡ್‌ಫೋನಿನ ಪಟ್ಟಿ ಕೂತ ಜಾಗ. ಮೊದಲ ಹದಿನೇಳು ವರ್ಷ ಅವಳ ಮುಂದೆ ಆಳೆತ್ತರದ ಹಲಗೆ ಇತ್ತಂತೆ, ಅದರ ತುಂಬ ತೂತು, ಕೈಯಲ್ಲಿ ಹಗ್ಗದಂಥ ತಂತಿ. ಈ ತೂತಿನಿಂದ ಆ ತೂತಿಗೆ ತಂತಿ ಚುಚ್ಚಿದರೆ ಇಲ್ಲಿನವರ ಮಾತು ಇನ್ನೊಂದು ಊರಿಗೆ ಹೋಗುತ್ತಿತ್ತು. ಹಲಗೆಯ ಕೆಳಗೆ ಒಂದು ಪುಟ್ಟ ಕೀಲಿ. ಅದನ್ನು ಮುಂದಕ್ಕೆ ಎಳೆದರೆ ಆಡುವವರ ಮಾತು ಅವಳಿಗೂ ಕೇಳಿಸುತ್ತದೆ, ಹಿಂದಕ್ಕೆ ತಳ್ಳಿದರೆ ಕೇಳಿಸುವುದಿಲ್ಲ.

ಬೀದಿ ತುದಿಯ ದರ್ಜಿ ಅವಳನ್ನು ಕೆಣಕುವುದಿತ್ತು. "ಊರವರ ಗುಟ್ಟೆಲ್ಲ ನಿನ್ನ ಹೊಟ್ಟೇಲಿ ಇರಬೇಕಲ್ಲ ಅಕ್ಕ? ಒಂದಾದ್ರೂ ಬಿಡು, ಮಧ್ಯಾಹ್ನ ಹೊತ್ತು ಹೋಗ್ತಿಲ್ಲ."

"ನನ್ನ ಹೊಟ್ಟೇಲಿ ಇರೋದು ಎರಡು ಹಲೋ ಮಾತ್ರ ಕಣಯ್ಯ," ಎನ್ನುತ್ತಿದ್ದಳು. "ಈ ಕಡೆಯವರು ಒಂದು ಹಲೋ ಅನ್ನಬೇಕು, ಆ ಕಡೆಯವರು ಒಂದು. ಅಷ್ಟು ಕೇಳಿದ ಮೇಲೆ ಕೀಲಿ ಹಿಂದಕ್ಕೆ. ಮೂರನೇ ಮಾತು ಕೇಳಿಸಿಕೊಂಡೋಳು ಆಪರೇಟರ್ ಅಲ್ಲ, ಕಳ್ಳಿ."

ಆ ದರ್ಜಿಗೆ ನಾನು ಕಾಜಾ ಹಾಕಿಕೊಡುತ್ತೇನೆ. ಅಂಗಿಯ ಗುಂಡಿ ತೂರುವ ಸೀಳನ್ನು ಈಗ ಯಂತ್ರವೇ ಹೊಲಿಯುತ್ತದೆ. ಕೋಟಿನ ಕಾಜಾ ಮಾತ್ರ ಕೈಯದೇ ಆಗಬೇಕು ಎನ್ನುವ ಗಿರಾಕಿಗಳು ಇನ್ನೂ ಇದ್ದಾರೆ. ಸೀಳಿದ ಅಂಚಿನ ಸುತ್ತ ಒತ್ತೊತ್ತಾಗಿ ಮೂವತ್ತೆರಡು ಹೊಲಿಗೆ ಬರಬೇಕು. ಮೂವತ್ತಾದರೆ ಬಾಯಿ ಬಿಡುತ್ತದೆ, ಮೂವತ್ತೈದಾದರೆ ಸೊಟ್ಟಗಾಗುತ್ತದೆ. ಕಳೆದ ವರ್ಷ ಒಂದು ದಿನ, ಕಾಜಾ ಹಾಕಿ ಮುಗಿಸಿದ ಕೋಟುಗಳನ್ನು ಕೊಡಲು ಹೋಗಿ ಅವನ ಅಂಗಡಿಯ ಮೆಟ್ಟಿಲಲ್ಲೇ ಜಾರಿ ಬಿದ್ದೆ. ಬಲಗಾಲಿನ ಹರಡು ಮುರಿಯಿತು. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಪ್ಲಾಸ್ಟರ್ ಪಟ್ಟು ಹಾಕಿ, ಆರು ವಾರ ಕಾಲು ನೆಲ ಮುಟ್ಟಬಾರದು ಎಂದರು. ತಂಗಿಯ ವಿಷಯ ಬಂದದ್ದು ಆಗಲೇ.

ನನಗೆ ಒಬ್ಬಳೇ ತಂಗಿ, ಆರು ವರ್ಷ ಚಿಕ್ಕವಳು. ಮೂರು ತುಂಬಿದಾಗ ಬಂದ ಜ್ವರ ಅವಳ ಕಿವಿಯನ್ನು ಕೊಂಡೊಯ್ದಿತು. ಕಿವಿ ಹೋದ ಮೇಲೆ ಆಗಷ್ಟೇ ಬರುತ್ತಿದ್ದ ಮಾತೂ ಹೋಯಿತು. ಅಮ್ಮ ಕೆಲಸಕ್ಕೆ ಹೋಗುವವಳು. ಮಗುವನ್ನು ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದರು. ನನ್ನ ಓದು ಅಲ್ಲಿಗೆ ನಿಂತಿತು, ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲೆ, ಅಷ್ಟೇ. ಆದರೆ ನಾವಿಬ್ಬರೂ ಕೂತು ಒಂದು ಮಾತು ಕಟ್ಟಿಕೊಂಡೆವು, ಕೈಯ ಮಾತು. ಅಮ್ಮನಿಗೆ ಒಂದು ಸನ್ನೆ, ಹಸಿವೆಗೆ ಒಂದು, ಸುಳ್ಳಿಗೆ ಒಂದು, ನಾಳೆಗೆ ಒಂದು. ಮುಂದೆ ಅವಳು ಅಂಥ ಮಕ್ಕಳ ಶಾಲೆಗೆ ಹೋಗಿ ನನಗಿಂತ ಚೆನ್ನಾಗಿ ಬರೆಯಲು ಕಲಿತಳು, ಅಲ್ಲಿನವರ ಸನ್ನೆಯನ್ನೂ ಕಲಿತಳು. ಆದರೆ ಹೆದರಿದಾಗ ಮನುಷ್ಯರು ತಾಯಿಮಾತಿಗೆ ಓಡುತ್ತಾರೆ. ಅವಳಿಗೆ ತಾಯಿಮಾತೆಂದರೆ ನನ್ನ ಕೈ.

ಅವಳು ಒಂದು ಹಗಲಿನ ರೈಲು ದಾರಿಯ ಊರಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕಾರ್ಖಾನೆಯಲ್ಲಿದ್ದಾಳೆ. ಅಲ್ಲಿ ಹೆಚ್ಚಿನವರು ಅವಳಂಥವರೇ. ಕಾರ್ಖಾನೆಯವರು ಎಲ್ಲರಿಗೂ ಒಂದೊಂದು ಫೋನ್ ಕೊಟ್ಟಿದ್ದಾರೆ. ಅದರಲ್ಲಿ ಮೆಸೇಜಿಗೆ ಇರುವುದು ನೀಲಿ ಗುರುತಿನದು ಒಂದೇ, ಬೇರೆ ಏನನ್ನೂ ಹಾಕಿಕೊಳ್ಳಲಾಗದಂತೆ ಬೀಗ. ನನ್ನ ಹಳೆಯ ಫೋನಿನಲ್ಲಿ ಇರುವುದು ಹಸಿರು ಗುರುತಿನದು, ದರ್ಜಿ ಹಾಕಿಕೊಟ್ಟದ್ದು. ನೀಲಿಯನ್ನೂ ಹಾಕಲು ನೋಡಿದರೆ ಜಾಗವಿಲ್ಲ ಎಂದು ಫೋನ್ ಮುಖ ತಿರುಗಿಸಿತು. ವರ್ಷಕ್ಕೆ ನಾಲ್ಕು ಸಲ ನಾನೇ ರೈಲು ಹತ್ತಿ ಹೋಗುತ್ತಿದ್ದೆ. ನಮಗೆ ಅದು ಸಾಕಾಗಿತ್ತು.

ಒಂದು ದಿನ ಅಲ್ಲಿನ ಮೇಲ್ವಿಚಾರಕಿ ಫೋನ್ ಮಾಡಿದಳು. ತಂಗಿಯ ಬಲಗಣ್ಣು ಎಂಟು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಈಗ ಉಳಿದ ಎಡಗಣ್ಣಿಗೆ ಪೊರೆ ಬಂದಿದೆ, ಬಲಿಯುತ್ತಿದೆ, ಫೋನನ್ನು ಕಣ್ಣಿನ ಹತ್ತಿರ ಹಿಡಿದರಷ್ಟೇ ಮಬ್ಬಾಗಿ ಕಾಣುತ್ತದೆ. ಡಾಕ್ಟರು ಆಪರೇಷನ್ನಿಗೆ ಇಪ್ಪತ್ತು ದಿನದಾಚೆಯ ಗುರುವಾರ ಗೊತ್ತು ಮಾಡಿದ್ದಾರೆ. ಅದು ತಪ್ಪಿದರೆ ಮತ್ತೆ ನಾಲ್ಕು ತಿಂಗಳಿಗೆ, ಅಷ್ಟು ದಿನ ಕಣ್ಣು ಕಾಯುವುದಿಲ್ಲ.

"ಅಮ್ಮ, ಅವರು ಸಹಿ ಮಾಡ್ತಿಲ್ಲ," ಎಂದಳು. "ಯಾಕೆ ಅಂತ ಬರೆದು ಕೇಳಿದ್ರೆ 'ಬೇಡ' ಅಂತ ಒಂದೇ ಮಾತು ಬರೀತಾರೆ. ನಮ್ಮಕ್ಕನಿಗೆ ಮಾತ್ರ ಹೇಳ್ತೀನಿ ಅಂತಾರೆ. ನೀವೇ ಬರಬೇಕು."

ನಾನು ಪಟ್ಟು ಹಾಕಿದ ಕಾಲನ್ನು ನೋಡಿದೆ.

ಮರುದಿನ ಅಕ್ಕ ತನ್ನ ಫೋನಿಗೆ ನೀಲಿ ಹಾಕಿಸಿಕೊಂಡು ಬಂದಳು. ನನಗೆ ಮಾತಿಗೆ ಎರಡೂ ಕೈ ಬೇಕು, ಆದ್ದರಿಂದ ಅವಳೇ ಫೋನ್ ಹಿಡಿದು ಎದುರು ನಿಂತಳು. ಪರದೆಯ ಮೇಲೆ ತಂಗಿ ಬಂದಳು. ನನ್ನನ್ನು ಕಂಡು ನಕ್ಕಳು. ಆಮೇಲೆ ಕಣ್ಣು ಕಿರಿದು ಮಾಡಿ, ಅಂಗೈಯನ್ನು ಮುಖದ ಮುಂದೆ ಅಡ್ಡ ಎಳೆದಳು.

"ಏನಂತೆ?" ಎಂದಳು ಅಕ್ಕ.

"ಬಾಗಿಲು ಹಾಕು ಅಂತಾಳೆ. ಯಾರೋ ಇದಾರೆ ಅಂತಾಳೆ."

ಅಕ್ಕ ಫೋನನ್ನು ನನ್ನ ದಾರದ ಡಬ್ಬಿಗೆ ಒರಗಿಸಿ ಹೊರಗೆ ಹೋಗಿ ನಿಂತಳು. ಆದರೂ ತಂಗಿ ಬಾಯಿ, ಅಂದರೆ ಕೈ, ಬಿಚ್ಚಲಿಲ್ಲ. ಅವಳ ಪರದೆಯ ಮೂಲೆಯಲ್ಲಿ ಅಕ್ಕನ ಹೆಸರು, ಅಕ್ಕನ ದುಂಡು ಫೋಟೊ. ಬೀಗದ ತೂತಿನಿಂದ ಇಣುಕುವ ಹಾಗೆ ಆ ಮುಖ ಅಲ್ಲೇ ಇತ್ತು. ಇದು ಯಾರ ಮನೆ ಎಂದು ತಂಗಿ ಕೇಳಿದಳು. ಬೇರೆಯವರ ಮನೆಯಲ್ಲಿ ನಾನು ಹೇಳಲಾರೆ ಎಂದಳು.

ನಾನು ಅಕ್ಕನಿಗೆ ಅದನ್ನು ಹೇಳಿದಾಗ ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

"ಇಷ್ಟು ವರ್ಷ ಕೀಲಿ ಹಿಂದಕ್ಕೆ ತಳ್ಳಿದೋಳು ನಾನು," ಎಂದಳು. "ಈಗ ನನ್ನ ಮುಖಾನೇ ಲೈನ್ ಮೇಲೆ ಹೋಗಿ ಕೂತಿದೆ. ಅವಳು ಹೇಳಿದ್ದು ಸರಿ, ಅತ್ತಿಗೆ."

ವಿಷಯ ಕೇಳಿ ದರ್ಜಿ, "ಅತ್ತಿಗೆಗೆ ಒಂದು ಹೊಸ ಫೋನ್ ತಂದ್ರೆ ಮುಗೀತಲ್ಲ, ಅಕ್ಕ?" ಎಂದ.

"ಹಸಿರಿನೋರು ನೀಲಿಯೋರ ಹತ್ರ ಮಾತಾಡಬೇಕಾದ್ರೆ ನೀಲಿ ಮನೆಗೇ ಬಾಡಿಗೆಗೆ ಹೋಗಬೇಕಾ? ನಮ್ಮ ಕಾಲದಲ್ಲಿ ಒಂದೂರಿನ ಎಕ್ಸ್‌ಚೇಂಜಿಗೆ ಇನ್ನೊಂದೂರಿನ ಎಕ್ಸ್‌ಚೇಂಜ್ ಜೋಡಿಸ್ತಿದ್ವಿ. ಮಾತಾಡೋಕೆ ಅಂತ ಯಾರೂ ಊರು ಬಿಡಲಿಲ್ಲ."

ದರ್ಜಿಯ ಮಾತಿನಲ್ಲೂ ತಪ್ಪಿರಲಿಲ್ಲ. ಆದರೆ ಈ ಫೋನಿನ ಗುರುತುಗಳನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು, ಈಗ ಗುರುವಾರಕ್ಕೆ ಉಳಿದದ್ದು ಹದಿನಾರು ದಿನ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅಕ್ಕನ ಮುಖದಲ್ಲಿ ಅಂದು ಬಂದ ಬೆಳಕನ್ನು ಅವಳು ನಿವೃತ್ತಿಯಾದ ಮೇಲೆ ನಾನು ಕಂಡಿರಲಿಲ್ಲ. ಬೇಡ ಎನ್ನಲು ನಾಲಗೆ ಏಳಲಿಲ್ಲ.

ಅವಳ ಅಡುಗೆಮನೆಯ ಕಿಟಕಿಯ ಹತ್ತಿರ, ಡಬ್ಬಿಗಳ ಸಾಲಿನ ಕೊನೆಗೆ, ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ ಇದೆ. ಅದೂ ಕಂಪ್ಯೂಟರಂತೆ. ಅದಕ್ಕೆ ಪರದೆಯಿಲ್ಲ, ಹಸಿರು ದೀಪ ಒಂದೇ. ನಿವೃತ್ತರಾದವರು ಹೂಗಿಡ ಹಾಕುತ್ತಾರೆ, ಇವಳು ಇದನ್ನು ಹಾಕಿಕೊಂಡಳು. ಮೂರು ವರ್ಷದಿಂದ ಅದರ ಮುಂದೆ ಕೂತು, ಇನ್ನೊಂದು ಕಂಪ್ಯೂಟರಿನಲ್ಲಿ ಹುಡುಕಿ ಓದಿ, ಕೇಳಿ, ಕಲಿತದ್ದನ್ನೆಲ್ಲ ಗೆರೆ ಹಾಕಿದ ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಇಳಿಸಿದ್ದಾಳೆ. ನನಗೆ ಓದಲು ಬಾರದ ಅಕ್ಷರ. ಆದರೂ ಒಂದೊಂದು ಸಾಲೂ ಒಂದೊಂದು ಕಾಜಾದ ಹಾಗೆ ಒತ್ತಾಗಿ, ನೇರವಾಗಿ ಇದ್ದುದನ್ನು ಕಂಡೆ. ಒಂದು ಚುಕ್ಕೆ ತಪ್ಪಿದರೂ ಪೆಟ್ಟಿಗೆ ಕೇಳುವುದಿಲ್ಲವಂತೆ.

ನನ್ನನ್ನು ಅವಳ ಅಡುಗೆಮನೆಯಲ್ಲೇ ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟು, ತೊಡೆಯ ಮೇಲೆ ಕೋಟು ಹಾಕಿದಳು. ನಾನು ಹೊಲಿಯುತ್ತ ನೋಡಿದೆ, ಅವಳು ಕಟ್ಟುತ್ತ ಹೇಳಿದಳು.

"ನೀಲಿ ಕಡೆ ನಿಮ್ಮದೊಂದು ಬೊಂಬೆ ಕೂರಿಸ್ತೀನಿ. ನಿಮ್ಮ ನಂಬರು, ನಿಮ್ಮ ಹೆಸರು, ನಿಮ್ಮ ಫೋಟೊ. ಬೊಂಬೆ ಇರೋದು ಈ ಪೆಟ್ಟಿಗೇಲಿ. ನೀವು ಹಸಿರಲ್ಲಿ ಏನು ಹಾಕಿದ್ರೂ ಅದು ನೀಲೀಲಿ ಹೇಳುತ್ತೆ. ನಿಮ್ಮ ಹಸಿರಲ್ಲಿ 'ತಂಗಿ' ಅಂತ ಒಂದು ಗುಂಪು ಇರುತ್ತೆ. ಅವಳು ಹೇಳಿದ್ದನ್ನ ತಂದು ಅದರೊಳಗೆ ಹಾಕುತ್ತೆ. ನೀವು ನಿಮ್ಮನೇಲಿ, ಅವಳು ಅವಳ ಮನೇಲಿ."

"ಬೊಂಬೆಗೆ ಗುಟ್ಟು ತಿಳಿಯಲ್ವಾ?"

"ತಿಳಿಯುತ್ತೆ. ಹೇಳಿದ ಕೂಡಲೇ ಮರೆಯೋ ಹಾಗೆ ಮಾಡ್ತೀನಿ. ನನಗೆ ಎರಡೇ ಮಾತು ತೋರಿಸುತ್ತೆ, ಬಂತು, ಹೋಯ್ತು. ಏನು ಬಂತು ಅಂತ ತೋರಿಸಲ್ಲ."

"ಇದನ್ನ ಮಾಡಿಕೊಡೋ ಕಂಪನಿ ಇಲ್ವಾ ಅಕ್ಕ? ನಿನ್ನ ಬೆನ್ನು ನೋಡು, ಬಿಲ್ಲಾಗಿದೆ."

"ಇವೆ. ಅವರ ಹಲಗೆ ಮುಂದೆ ಯಾರು ಕೂತಿರ್ತಾರೋ ನಮಗೇನು ಗೊತ್ತು? ಇಲ್ಲಿ ಕೂತಿರೋಳು ನಾನು. ತಪ್ಪಾದ್ರೆ ಗೋಡೆ ತಟ್ಟಿ ಬೈಬಹುದು."

ನೀಲಿಯವರಿಂದ ನನ್ನ ಫೋನಿಗೆ ಆರು ಅಂಕಿ ಬಂದವು. ಒಂದೊಂದನ್ನೇ ಓದಿ ಹೇಳಿದೆ, ಒಂದೊಂದನ್ನೇ ಅವಳು ಒತ್ತಿದಳು. ಅವಳ ಕಂಪ್ಯೂಟರಿನಲ್ಲಿ ನನ್ನ ಫೋಟೊ ಮೂಡಿತು. ನಾನು ಕುರ್ಚಿಯಲ್ಲಿದ್ದೆ, ಅಲ್ಲೂ ಇದ್ದೆ.

ಶನಿವಾರ ಮೊದಲ ಸಲ ಕಳಿಸಿದ್ದು ಅಕ್ಷರ. ನಾನೇ ಒತ್ತಿ ಬರೆದೆ: ಊಟ ಆಯಿತಾ. ಫೋನ್ ನಡುಗಿತು. ನೋಡಿದರೆ ನನ್ನ ಮಾತೇ ನನಗೆ ವಾಪಸ್ಸು ಬಂದಿತ್ತು. ಮತ್ತೆ ಬಂತು. ಮತ್ತೆ ಬಂತು. ಅಕ್ಕ ತಂತಿ ಕೀಳುವಷ್ಟರಲ್ಲಿ ಇನ್ನೂರ ಹನ್ನೆರಡು ಸಲ. ತಂಗಿ ಅಲ್ಲಿಂದ, ಆಯಿತು ಆಯಿತು ಎಷ್ಟು ಸಲ ಕೇಳುತ್ತೀ ಎಂದು ಬರೆದದ್ದೂ ನಲವತ್ತು ಸಲ ಬಂದಿತ್ತು.

"ಇದಕ್ಕೆ ತನ್ನ ಗಂಟಲಿನ ಗುರುತೇ ಇಲ್ಲ," ಎಂದಳು ಅಕ್ಕ. "ಈ ಕಡೆ ತಾನೇ ಹೇಳಿದ್ದನ್ನ ಯಾರೋ ಹೊಸಬರು ಹೇಳಿದ್ರು ಅಂದ್ಕೊಂಡು ಆ ಕಡೆ ಹೇಳುತ್ತೆ. ಅಲ್ಲಿಂದ ಮತ್ತೆ ಈ ಕಡೆ. ನಮ್ಮ ಹೆಡ್ ಕ್ಲರ್ಕ್ ಥೇಟ್ ಹೀಗೇ ಇದ್ರು."

ಅದಕ್ಕೆ ತನ್ನ ಗಂಟಲನ್ನು ಗುರುತಿಸಲು ಕಲಿಸಲು ಎರಡು ದಿನ ಹಿಡಿಯಿತು. ಸೋಮವಾರದ ಹೊತ್ತಿಗೆ ಅಕ್ಷರ ಸರಿಯಾಗಿ ದಾಟಿತು. ನಾನು ಯಾಕೆ ಬೇಡ ಎಂದು ಬರೆದೆ. ಬರೆಯಲು ಆಗದು ಎಂದು ಅವಳು ಬರೆದಳು.

ಹಾಗಾಗಿ ಕೈ ದಾಟಬೇಕಿತ್ತು. ಎದುರುಬದುರು ನೋಡುತ್ತ ಮಾತಾಡುವುದನ್ನು ಪೆಟ್ಟಿಗೆ ದಾಟಿಸಲಾರದು, ಚಿಕ್ಕ ಚಿಕ್ಕ ವಿಡಿಯೊಗಳನ್ನು ದಾಟಿಸಬಲ್ಲದು ಎಂದಳು ಅಕ್ಕ. ನಾನು ಸನ್ನೆ ಮಾಡಿ ಕಳಿಸಬೇಕು, ಅವಳು ನೋಡಿ ಸನ್ನೆ ಮಾಡಿ ಕಳಿಸಬೇಕು. ಇದಕ್ಕೆ ಐದು ದಿನ ಹಿಡಿಯಿತು. ಮುಂದಿನ ಶನಿವಾರ ಅಕ್ಕ ಗೋಡೆಯಾಚೆಯಿಂದ ಕೂಗಿದಳು. "ಹಾಕಿ ಅತ್ತಿಗೆ. ಬಾಗಿಲು ಹಾಕಿಕೊಂಡೇ ಹಾಕಿ."

ಹಾಕಿದೆ. "ಹೋಯ್ತು," ಎಂದು ಕೇಳಿಸಿತು. ಸ್ವಲ್ಪ ಹೊತ್ತಿಗೆ, "ಬಂತು."

ಬಂದದ್ದನ್ನು ಒತ್ತಿದೆ. ತಂಗಿಯ ಮುಖ ಇತ್ತು. ಅವಳು ಕೈ ಎತ್ತಿದಳು. ಕೈ ಎತ್ತಿದ ಕೂಡಲೇ ಕೈ ಇರಲಿಲ್ಲ, ಅದರ ಜಾಗದಲ್ಲಿ ಬಣ್ಣದ ಚೌಕಗಳು ಅಲುಗಾಡಿದವು.

ನನ್ನ ಫೋನ್ ಹಳೆಯದು, ನನ್ನ ಕಣ್ಣೂ ಹಳೆಯದು ಎಂದುಕೊಂಡೆ. ಮೂರು ಸಲ, ನಾಲ್ಕು ಸಲ ನೋಡಿದೆ. ಅಕ್ಕನಿಗೆ ಹೇಳಲಿಲ್ಲ. ಹನ್ನೆರಡು ದಿನ ಬೆನ್ನು ಬಗ್ಗಿಸಿ ಒಬ್ಬಳು ಕೋಟು ಹೊಲಿದುಕೊಟ್ಟರೆ, ಹಾಕಿಕೊಂಡ ಗಳಿಗೆಯಲ್ಲೇ ತೋಳು ಗಿಡ್ಡ ಎನ್ನಲು ಬಾಯಿ ಬರುತ್ತದೆಯೇ. "ಸಿಕ್ತಾ ಅತ್ತಿಗೆ?" ಎಂದಳು. "ಸಿಕ್ತು," ಎಂದೆ. ಅವಳು ಅದರ ಮೇಲೆ ಒಂದು ಮಾತು ಕೇಳುವವಳಲ್ಲ. ಭಾನುವಾರವೂ ಹಾಗೇ ಹೋಯಿತು. ಅವಳು ನೋಡುವುದಿಲ್ಲ, ನಾನು ಹೇಳುವುದಿಲ್ಲ, ನಡುವೆ ಪೆಟ್ಟಿಗೆ ಮಾತ್ರ ಬಂತು ಹೋಯ್ತು ಎನ್ನುತ್ತಲೇ ಇತ್ತು.

ಸೋಮವಾರ ತಂಗಿಯಿಂದ ಅಕ್ಷರ ಬಂತು. ಕೂಡಿಸಿ ಓದಿದೆ. ನಿನ್ನ ಕೈ ನನಗೆ ಕಾಣುವುದಿಲ್ಲ.

ಅವಳ ಕಣ್ಣು ಪೂರ್ತಿ ಹೋಯಿತು ಎಂದೇ ತಿಳಿದೆ. ಗುರುವಾರದವರೆಗೂ ಕಾಯಲಿಲ್ಲ ಎಂದುಕೊಂಡೆ. ಕೈಯಲ್ಲಿದ್ದ ಕತ್ತರಿಯ ಹಿಡಿಯಿಂದ ಗೋಡೆ ತಟ್ಟಿದೆ. ಎಷ್ಟು ಸಲ ತಟ್ಟಿದೆನೋ ಗೊತ್ತಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಕ್ಷರವನ್ನು ಓದಿ ಹೇಳಿದೆ, ಅಳುತ್ತಲೇ ಉಳಿದದ್ದನ್ನೂ ಹೇಳಿದೆ.

"ನಿಮಗೂ ಕಾಣಿಸ್ತಿಲ್ವಾ? ಶನಿವಾರದಿಂದ?"

"ಇಲ್ಲ."

"ಎರಡು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ, ಮಹಾತಾಯಿ?"

ನಾನು ಫೋನ್ ಚಾಚಿದೆ. ಅವಳು ಮುಖ ಆಚೆ ತಿರುಗಿಸಿದಳು. "ಬೇಡ. ಅದು ನಿಮ್ಮಿಬ್ಬರ ಮಾತು. ನೀವು ನೋಡಿ, ನಾನು ಕೇಳ್ತೀನಿ. ಮುಖ ಇದೆಯಾ?"

"ಇದೆ. ಹಿಂದೆ ಕಪಾಟಿದೆ, ಅದೂ ಚೆನ್ನಾಗಿದೆ. ಕೈ ಅಲ್ಲಾಡಿದ್ರೆ ಮಾತ್ರ ಕಲಸಿ ಹೋಗುತ್ತೆ. ಬೆರಳು ಐದೋ ಎರಡೋ ತಿಳಿಯಲ್ಲ."

"ಸದ್ದು?"

"ಸದ್ದು ಚೆನ್ನಾಗಿದೆ. ಕಾಗದ ಕತ್ತರಿಸೋ ಯಂತ್ರ ಕೇಳಿಸುತ್ತೆ. ಫ್ಯಾನು ಕಿರ್ ಅನ್ನುತ್ತೆ. ಯಾರೋ ಕುರ್ಚಿ ಎಳೆದ್ರು. ಪಕ್ಕದಲ್ಲೇ ಕೂತ ಹಾಗಿದೆ."

ಅಕ್ಕ ಸರಕ್ಕನೆ ತಿರುಗಿದಳು. ಮನೆಗೆ ಹೋಗಿ ನೋಟುಪುಸ್ತಕ ತಂದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು, ಬೆರಳಿನ ಹಿಟ್ಟು ಅಲ್ಲಿ ಹತ್ತಿತು.

"ದೊಡ್ಡ ವಿಡಿಯೊ ದಾಟ್ತಿರಲಿಲ್ಲ, ಕುಗ್ಗಿಸಬೇಕಿತ್ತು," ಎಂದಳು. "ಕುಗ್ಗಿಸುವಾಗ ಯಾವುದನ್ನ ಉಳಿಸಲಿ, ಯಾವುದನ್ನ ತೆಳು ಮಾಡಲಿ ಅಂತ ನಾವು ಹೇಳಬೇಕು. ನಾನು ಒಂದು ಗಳಿಗೇನೂ ಯೋಚನೆ ಮಾಡಲಿಲ್ಲ. ಸದ್ದು ಕೆಡಬಾರದು ಅಂತ ಬರೆದೆ. ಚಿತ್ರ ಹೇಗಾದ್ರೂ ಇರಲಿ ಅಂತ ಬರೆದೆ." ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿದಳು. "ಕಿವಿ ಇಲ್ಲದೋರಿಗೆ ಸದ್ದು ಉಳಿಸಿಕೊಟ್ಟಿದೀನಿ, ಅತ್ತಿಗೆ."

ನನಗೆ ನಗು ಬಂತು. ಅಳು ಇನ್ನೂ ಮುಗಿದಿರಲಿಲ್ಲ, ಅದರ ಮಧ್ಯದಲ್ಲೇ ಬಂತು. ಅವಳಿಗೂ ಬಂತು. ತಂಗಿಯ ಕಣ್ಣಿಗೆ ಏನೂ ಹೊಸದಾಗಿ ಆಗಿಲ್ಲ ಎನ್ನುವುದು ಆ ನಗುವಿನೊಳಗೆ ನಿಧಾನವಾಗಿ ತಿಳಿಯಿತು.

"ಈಗ ಹೇಳಿ. ಸದ್ದು ಎಷ್ಟು ಇಡಲಿ?"

"ಬೇಡ."

"ಒಂದು ಚೂರು?"

"ಅವಳಿಗೆ ಕೇಳಲ್ಲ. ನನಗೆ ಅವಳ ಮಾತು ಇರೋದು ಕೈಯಲ್ಲಿ. ಯಂತ್ರದ ಸದ್ದು ಕಟ್ಕೊಂಡು ಏನು ಮಾಡ್ಲಿ?"

ಅವಳು ಪೆನ್ಸಿಲ್ ಹಿಡಿದು ಆ ಸಾಲಿನ ಮೇಲೆ ತಂದಳು, ಆದರೆ ಕೂಡಲೇ ಎಳೆಯಲಿಲ್ಲ. ಬಾಳೆಲ್ಲ ಧ್ವನಿಯನ್ನು ಕಾಪಾಡಿದವಳು. ಗುಡುಗಿನಲ್ಲಿ, ಕರಕರ ಎನ್ನುವ ತಂತಿಯಲ್ಲಿ, ದೂರದ ಒಬ್ಬರ ಒಂದು ಮಾತು ಅಳಿಸಿಹೋಗದಂತೆ ಹಿಡಿದುಕೊಟ್ಟವಳು. ಆಮೇಲೆ ಅಡ್ಡಗೆರೆ ಎಳೆದಳು. ಸದ್ದಿಗೆ ಇದ್ದ ಜಾಗವನ್ನೆಲ್ಲ ಬೆರಳಿಗೆ ಕೊಟ್ಟಳು. ಗೋಡೆ, ಕಪಾಟು, ಬಣ್ಣ ಮಾಸಿದರೂ ಸರಿ, ಅಲುಗಾಡುವುದು ಒಡೆಯಬಾರದು ಎಂದು ಬರೆದಳು. ಮೂರು ಸಾಲು ಬರೆಯಲು ಒಂದು ಕೋಟು ಮುಗಿಸುವಷ್ಟು ಹೊತ್ತು ಹಿಡಿಯಿತು, ಅಂದರೆ ನಾಲ್ಕು ಕಾಜಾ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತಂಗಿಯ ವಿಡಿಯೊ ಬಂತು. ಒತ್ತಿದೆ. ಒಂದು ಚೂರೂ ಸದ್ದಿಲ್ಲ. ಅವಳು ಕೈ ಎತ್ತಿದಳು. ಹತ್ತು ಬೆರಳು, ಎಣಿಸಿದೆ. ಉಗುರಿನ ಅಂಚಿನಲ್ಲಿ ಒಣಗಿದ ಅಂಟು, ಹೆಬ್ಬೆರಳಿನಲ್ಲಿ ಕಾಗದ ಕೊಯ್ದ ಹಳೆಯ ಗೆರೆ. ಒಂದು ಹಗಲಿನ ರೈಲು ದಾರಿ. ನಡುವೆ ಎಷ್ಟು ಊರು, ಎಷ್ಟು ಹೊಳೆ, ಅವನ್ನೆಲ್ಲ ಹಾದು ಅವಳ ಕೈ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆಯೊಳಗೆ ಹೊಕ್ಕು ನನ್ನ ದಾರದ ಡಬ್ಬಿಯ ಮುಂದೆ ಬಂದು ನಿಂತಿತ್ತು. ಅಕ್ಕ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಾಳೆ. ಬಿಡಿಸಿ ಹೇಳಿದ್ದರಿಂದ ನನ್ನ ಬೆರಗು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಬಾಗಿಲು ಹಾಕಿದೆಯಾ ಎಂದಳು ತಂಗಿ. ಹಾಕಿದ್ದೇನೆ ಎಂದೆ. ಯಾರ ಮನೆ ಎಂದಳು. ನಮ್ಮ ಮನೆ ಎಂದೆ.

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಹೇಳಬಹುದೇ ಎಂದು ಅವಳನ್ನೇ ಕೇಳಿದ್ದೇನೆ. ಹೇಳು ಎಂದಿದ್ದಾಳೆ. ಅವಳಿಗೆ ಕತ್ತಿಯ ಭಯವಿರಲಿಲ್ಲ. ಆಪರೇಷನ್ ಆದ ಮೇಲೆ ಪೂರ್ತಿ ಒಂದು ದಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಅವಳಿಗೆ ಇರುವುದು ಅದೊಂದೇ ಕಣ್ಣು. ಕಿವಿ ಮೊದಲೇ ಇಲ್ಲ. ಯಾರು ಬಂದರು, ಹಗಲೋ ಇರುಳೋ, ಬದುಕಿದ್ದೇನೋ ಇಲ್ಲವೋ, ಹೇಗೆ ತಿಳಿಯುವುದು? ಅವಳು ಎರಡು ಕೈಯನ್ನೂ ಎದೆಯ ಮೇಲಿಟ್ಟು, ಆಮೇಲೆ ಖಾಲಿ ಗಾಳಿಯಲ್ಲಿ ಬಿಡಿಸಿ ಕೇಳಿದಳು. ಆಗ ನಾನು ಎಲ್ಲಿರುತ್ತೇನೆ?

ಡಾಕ್ಟರು, ಮೇಲ್ವಿಚಾರಕಿ, ನಾನು, ಯಾರಿಗೂ ಇದು ಹೊಳೆದಿರಲಿಲ್ಲ. ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದೆ. ಏನಾಯಿತು ಎಂದು ಅವಳಿಂದ ಅಕ್ಷರ ಬಂತು. ಆಗ ನನಗೆ ನೆನಪಾದದ್ದು ನಾವು ಚಿಕ್ಕವರಿದ್ದಾಗ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದದ್ದು. ದೀಪ ಆರಿಸಿದ ಮೇಲೆ ಕೈಯ ಮಾತು ಕಾಣುವುದಿಲ್ಲ. ಆಗ ಅವಳ ಅಂಗೈಯಲ್ಲಿ ಒತ್ತುತ್ತಿದ್ದೆ. ಒಂದು ಒತ್ತು, ನಾನಿದ್ದೇನೆ. ಎರಡು, ನೀರು ಬೇಕಾ. ಉಗುರಿನಿಂದ ಮಣಿಕಟ್ಟಿನ ಕಡೆಗೆ ಒಂದು ಗೆರೆ, ಬೆಳಗಾಗುತ್ತಿದೆ. ಅದನ್ನು ನನ್ನದೇ ಅಂಗೈಯ ಮೇಲೆ ಮಾಡಿ ಕಳಿಸಿದೆ.

ನೆನಪಿದೆ, ಆದರೆ ಅಲ್ಲಿ ನೀನಿರುವುದಿಲ್ಲ ಎಂದಳು.

ನಿನ್ನ ಮೇಲ್ವಿಚಾರಕಿ ಇರುತ್ತಾಳೆ, ಅವಳಿಗೆ ನೀನೇ ಕಲಿಸು ಎಂದೆ.

ಬುಧವಾರವೆಲ್ಲ ತಂಗಿ ಅವಳಿಗೆ ಅಂಗೈ ಪಾಠ ಹೇಳಿದಳಂತೆ. ತಪ್ಪಿದಾಗ ಕೈ ಮೇಲೆ ಹೊಡೆದಳಂತೆ. ಸಂಜೆ ಸಹಿ ಮಾಡಿದಳು.

ಗುರುವಾರ ಮಧ್ಯಾಹ್ನದಿಂದ ತಂಗಿಯ ಫೋನಿನಲ್ಲಿ ಮೇಲ್ವಿಚಾರಕಿಯೇ ಬರೆದಳು. ಆಪರೇಷನ್ ಆಯಿತು. ಪಟ್ಟಿ ಕಟ್ಟಿದ್ದಾರೆ. ಗಂಟೆಗೊಂದು ಸಲ ಇನ್ನೊಂದು ಸಾಲು, ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ. ಅಂಗೈಯಲ್ಲಿ ಒಂದು ಸಲ ಒತ್ತಿದೆ, ಅವರೂ ತಿರುಗಿ ಒಂದು ಸಲ ಒತ್ತಿದರು ಎಂದು ಬರೆದಿದ್ದಳು. ಶುಕ್ರವಾರ ಬೆಳಕು ಹರಿಯುವಾಗ ಬಂದದ್ದು: ಗೆರೆ ಎಳೆದೆ, ನನ್ನ ಕೈ ಹಿಡಿದುಕೊಂಡರು.

ಆಮೇಲೆ ಹತ್ತು ಗಂಟೆಯಿಂದ ಏನೂ ಬರಲಿಲ್ಲ. ಒಂದು ಗಂಟೆಗೆ ಅಕ್ಕ ಬಂದಳು.

"ಪೆಟ್ಟಿಗೆ ಸರಿಯಾಗಿದೆ," ಎಂದಳು. "ನೋಡಿಯೇ ಬಂದೆ. ಅಲ್ಲಿಂದಲೇ ಬರ್ತಿಲ್ಲ."

ಅವಳು ಹೋಗಲಿಲ್ಲ. ನನ್ನ ಬುಟ್ಟಿಯಿಂದ ಒಂದು ಕೋಟು ತೆಗೆದುಕೊಂಡು, ಇದು ಹೇಗೆ ಎಂದು ಕೇಳಿ, ಕಾಜಾ ಹಾಕಲು ಕೂತಳು. ಅಷ್ಟು ಸಾಲು ತಪ್ಪಿಲ್ಲದೆ ಬರೆದ ಕೈ ದಾರವನ್ನು ಮೂರು ಸಲ ಗಂಟು ಹಾಕಿಕೊಂಡಿತು. ನಾನು ತಿದ್ದಲಿಲ್ಲ. ಇಬ್ಬರೂ ಫೋನಿನ ಕಡೆ ನೋಡಲಿಲ್ಲ.

ಎರಡೂವರೆಗೆ ಫೋನ್ ನಡುಗಿತು. ಅಕ್ಕ ಕೂಡಲೇ ಕಿಟಕಿಯ ಕಡೆ ತಿರುಗಿ ಕೂತಳು. ನಾನು ಒತ್ತಿದೆ.

ತಂಗಿ ಹಾಸಿಗೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಗಿತ್ತು, ನೀರು ಸುರಿಯುತ್ತಿತ್ತು, ತೆರೆದಿತ್ತು. ನಿನ್ನ ಹಿಂದಿನ ವಿಡಿಯೊ ಈಗ ಮತ್ತೆ ನೋಡಿದೆ ಎಂದಳು. ಆಮೇಲೆ ತನ್ನ ತಲೆ ಮುಟ್ಟಿಕೊಂಡು, ನನ್ನ ಕಡೆ ಬೆರಳು ತೋರಿ, ಹುಬ್ಬು ಗಂಟು ಹಾಕಿದಳು. ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು? ವರ್ಷಕ್ಕೆ ನಾಲ್ಕು ನಾಲ್ಕು ಸಲ ಬಂದು ಹೋದೆ, ಒಂದು ಸಲವಾದರೂ ಹೇಳಬಾರದಿತ್ತೆ?

ನನ್ನ ಎದೆಯಿಂದ ಎಂಥದೋ ಸದ್ದು ಬಂತು. ಅಕ್ಕ ತಿರುಗಲಿಲ್ಲ.

"ಕಣ್ಣು?" ಎಂದಳು, ಕಿಟಕಿಗೇ ಹೇಳುವ ಹಾಗೆ.

"ಕಾಣುತ್ತೆ. ಚೆನ್ನಾಗಿ ಕಾಣುತ್ತೆ. ಬೇಡದ್ದೆಲ್ಲ ಕಾಣುತ್ತೆ."

ಅವಳು ತಲೆ ಆಡಿಸಿದಳು. ಇನ್ನೇನೂ ಕೇಳಲಿಲ್ಲ. ತೊಡೆಯ ಮೇಲಿನ ಕೋಟನ್ನು ಬೆಳಕಿಗೆ ಹಿಡಿದು ತಾನು ಹಾಕಿದ ಕಾಜಾವನ್ನು ನೋಡಿದಳು.

"ಇದನ್ನ ಬಿಚ್ಚಲಾ ಅತ್ತಿಗೆ?"

"ಬಿಚ್ಚು," ಎಂದೆ. ನನಗೆ ತಂಗಿಗೆ ಉತ್ತರ ಕೊಡಬೇಕಿತ್ತು. ಫೋನ್ ಒರಗಿಸಿ ಎರಡೂ ಕೈ ಎತ್ತಿದೆ.